ಮೂಲನಿವಾಸಿ ಸಂಸ್ಕೃತಿಗಳ ಬಗ್ಗೆ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಕಿಪೀಡಿಯ, ವಿಕಿಮೀಡಿಯ ಕಾಮನ್ಸ್ (ಫೋಟೊ, ಧ್ವನಿ ಕಡತಗಳ ಭಂಡಾರ; ಮುಂದೆ ಬರೀ ‘ಕಾಮನ್ಸ್’), ವಿಕ್ಷನರಿಯಂಥ ಮುಕ್ತ ಭಂಡಾರಗಳಿಗೆ ಬರಹ, ಫೋಟೊ, ಧ್ವನಿಮುದ್ರಣ ಸೇರಿಸುವವರಿಗಾಗಿ ಈ ಪುಟ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಸುಲಭದ್ದು ಮೊದಲು, ತೊಡಕಿನದು ಆಮೇಲೆ.

### ಶುರು ಮಾಡುವ ಮುಂಚೆ

ನಾನು ಆ ಸಮುದಾಯದವನಲ್ಲ. ಬರೆಯಬಹುದಾ?

ಬರೆಯಬಹುದು. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಸುಮಾರು 90 ದೇಶಗಳಲ್ಲಿ 47 ಕೋಟಿಗೂ ಹೆಚ್ಚು ಮೂಲನಿವಾಸಿಗಳಿದ್ದಾರೆ. ಅವರ ಬಗ್ಗೆ ಕನ್ನಡದಲ್ಲಿ ಇರುವುದು ಚೂರುಪಾರು, ಅದರಲ್ಲೂ ತಪ್ಪು ಬೇಕಾದಷ್ಟು. ಭೂಹಕ್ಕಿನ ಮೊಕದ್ದಮೆ, ಜನಗಣತಿಯ ಅಂಕಿ, ಭಾಷೆಯ ಬಗ್ಗೆ ಅಚ್ಚಾದ ಅಧ್ಯಯನ, ಸಮುದಾಯದಿಂದ ಬಂದ ಲೇಖಕರು, ಕ್ರೀಡಾಪಟುಗಳು, ಜನಪ್ರತಿನಿಧಿಗಳ ಪರಿಚಯ, ಇವೆಲ್ಲ ಹೊರಗಿನವರು ಹಿಂಜರಿಯದೆ ಮಾಡಬಹುದಾದ ಕೆಲಸ. ದೀಕ್ಷೆ, ಸಾವಿನ ಕ್ರಿಯೆ, ಕುಲದೈವ, ಮದ್ದು, ಎಲ್ಲರೆದುರು ಹಾಡದ ಹಾಡು, ಇವುಗಳ ಹತ್ತಿರ ಬಂದಾಗ ಮಾತ್ರ ನಿಲ್ಲಿ. ಅಲ್ಲಿ ಏನು ಹೊರಗೆ ಹೋಗಬೇಕು ಎಂದು ತೀರ್ಮಾನಿಸುವವರು ಅವರು, ನೀವು ಬರೆದುಕೊಡುವ ಕೈ ಅಷ್ಟೇ.

ಬುಡಕಟ್ಟು, ಆದಿವಾಸಿ, ಗಿರಿಜನ, ಮೂಲನಿವಾಸಿ... ಯಾವ ಪದ ಸರಿ?

ಸಮುದಾಯದ ಸ್ವಂತ ಹೆಸರಿದ್ದರೆ ಅದೇ ಸರಿ: ಸೋಲಿಗರು, ತೋಡರು, ನ್ಯೂಜಿಲೆಂಡಿನ ಮಾವೋರಿಗಳು, ಉತ್ತರ ಯುರೋಪಿನ ಸಾಮಿ ಜನ. ಒಟ್ಟು ಹೆಸರು ಬೇಕೇಬೇಕು ಎಂದಾಗ ಪದಗಳ ತೂಕ ಬೇರೆ ಬೇರೆ. ‘ಪರಿಶಿಷ್ಟ ಪಂಗಡ’ ಎನ್ನುವುದು ಭಾರತದ ಕಾನೂನಿನ ವರ್ಗ. ಆ ಪಟ್ಟಿ ರಾಜ್ಯವಾರು ಇರುವುದರಿಂದ ಒಂದೇ ಸಮುದಾಯ ಒಂದು ರಾಜ್ಯದಲ್ಲಿ ಪಟ್ಟಿಯೊಳಗೆ, ಪಕ್ಕದ ರಾಜ್ಯದಲ್ಲಿ ಹೊರಗೆ ಇರಬಹುದು. ಆದ್ದರಿಂದ ರಾಜ್ಯದ ಹೆಸರು ಹೇಳದೆ ‘ಇವರು ಪರಿಶಿಷ್ಟ ಪಂಗಡದವರು’ ಎಂದು ಬರೆಯಬೇಡಿ. ‘ಆದಿವಾಸಿ’ ಅನೇಕರು ಹಕ್ಕಿನ ದನಿಯಲ್ಲಿ ತಾವೇ ಆರಿಸಿಕೊಂಡ ಪದ. ‘ಗಿರಿಜನ’ ಕಚೇರಿಯ ಕಾಗದದಿಂದ ಬಂದದ್ದು. ಕರಾವಳಿಯ ಕೊರಗರನ್ನು ಗಿರಿಜನ ಎನ್ನುವುದರಲ್ಲಿ ಅರ್ಥವೇ ಇಲ್ಲ. ಬೇರೆ ದೇಶಗಳವರಿಗೆ ‘ಮೂಲನಿವಾಸಿ’ ಒಗ್ಗುತ್ತದೆ.

‘ಆದಿಮ’, ‘ಕಾಡುಜನ’, ‘ಅನಾಗರಿಕ’ ಬೇಡವೇ ಬೇಡ. ಭಾರತ ಸರಕಾರವೇ 2006ರಲ್ಲಿ ‘ಆದಿಮ ಬುಡಕಟ್ಟು’ ಎಂಬ ಹೆಸರು ಬಿಟ್ಟು ‘ವಿಶೇಷವಾಗಿ ದುರ್ಬಲ ಬುಡಕಟ್ಟು’ ಎಂದು ಬದಲಿಸಿತು. ಆ ಹೊಸ ಹೆಸರೂ ಅಷ್ಟೇನೂ ಚೆನ್ನಾಗಿಲ್ಲ. ಆದರೂ ಕಾನೂನಿನ ವಿಷಯ ಬಂದಾಗ ಅದನ್ನೇ ಬಳಸಬೇಕು.

ಒಂದೇ ಸಮುದಾಯದ ಹೆಸರು ಒಂದೊಂದು ಕಡೆ ಒಂದೊಂದು ಥರ ಇದೆ. ಯಾವುದನ್ನು ಹಾಕಲಿ?

ಅವರ ಸಂಘದ ಫಲಕದಲ್ಲಿ, ಕಾಗದಪತ್ರದಲ್ಲಿ ಹೇಗಿದೆ ಎಂದು ಮೊದಲು ನೋಡಿ. ಆಮೇಲೆ ಅವರ ಬಾಯಲ್ಲಿ ಹೇಗೆ ಕೇಳುತ್ತದೆ ಎಂದು ಕೇಳಿಸಿಕೊಂಡು ಕನ್ನಡ ಲಿಪಿಗೆ ಇಳಿಸಿ. ಇಂಗ್ಲಿಷ್ ಕಾಗುಣಿತದಿಂದ ವಾಪಸು ಕನ್ನಡಕ್ಕೆ ತಂದರೆ ‘ಸೋಲಿಗ’ ಹೋಗಿ ‘ಶೋಲಗ’ ಆಗುತ್ತದೆ. ದೀರ್ಘ ಎಲ್ಲಿ, ಹ್ರಸ್ವ ಎಲ್ಲಿ ಎಂಬುದು ರೋಮನ್ ಅಕ್ಷರದಲ್ಲಿ ಕಳೆದುಹೋಗಿರುತ್ತದೆ. ಉಳಿದ ರೂಪಗಳಿಂದ ಪುನರ್ನಿರ್ದೇಶನ ಕೊಡಿ, ಅವನ್ನು ಹುಡುಕಿದವರೂ ಇದೇ ಪುಟಕ್ಕೆ ಬರುವಂತೆ.

ಹೊರಗಿನವರು ಇಟ್ಟ ಹೆಸರನ್ನು ಶೀರ್ಷಿಕೆಯಾಗಿ ಇಡಬೇಡಿ. ‘ಎಸ್ಕಿಮೊ’ ಬದಲು ಇನ್ಯೂಟ್ ಎಂಬ ಹೆಸರನ್ನು 1977ರಲ್ಲಿ ಅವರ ಅಂತರರಾಷ್ಟ್ರೀಯ ಸಮ್ಮೇಳನವೇ ಒಪ್ಪಿತು. ‘ಲ್ಯಾಪ್’ ಎನ್ನುವುದು ಸಾಮಿ ಜನರಿಗೆ ಬೈಗುಳ. ಆದರೆ ಅಮೆರಿಕದ ನವಾಹೋ ಜನರ ಸರಕಾರದ ಅಧಿಕೃತ ಹೆಸರಿನಲ್ಲಿ ಇವತ್ತಿಗೂ ‘ನವಾಹೋ’ ಇದೆ, ತಮ್ಮನ್ನು ಅವರು ಕರೆದುಕೊಳ್ಳುವುದು ‘ದಿನೇ’ ಎಂದು. ಇಂಥಲ್ಲಿ ಎರಡನ್ನೂ ಕೊಡಿ.

ಕೊಂಡಿ ಹಾಕುವಾಗ ಇನ್ನೊಂದು ಎಡವಟ್ಟು ಆಗುತ್ತಿರುತ್ತದೆ. ಜೇನುಕುರುಬರು, ಬೆಟ್ಟಕುರುಬರು ಎಂಬಲ್ಲಿ ‘ಕುರುಬ’ ಕಂಡದ್ದೇ ತಡ, ಕುರಿ ಸಾಕುವ ಕುರುಬ ಸಮುದಾಯದ ಲೇಖನಕ್ಕೆ ಕೊಂಡಿ ಬೀಳುತ್ತದೆ. ಇವು ಬೇರೆ ಬೇರೆ ಸಮುದಾಯಗಳು.

ಮೊದಲ ಸಲ ಮಾಡ್ತಿದ್ದೀನಿ. ಒಂದು ಸಣ್ಣ ಕೆಲಸ ಹೇಳಿ.

ಈಗಾಗಲೇ ಇರುವ ಲೇಖನ ತೆಗೆದು ಆಧಾರವಿಲ್ಲದ ವಾಕ್ಯಗಳಿಗೆ ಗುರುತು ಹಾಕಿ. ಹಳೆಯ ಜನಸಂಖ್ಯೆಯ ಪಕ್ಕ ಜನಗಣತಿಯ ವರ್ಷ ಸೇರಿಸಿ. ಭಾಷೆಯ ಐಎಸ್‌ಒ ಸಂಕೇತ (ಒಂದೊಂದು ಭಾಷೆಗೂ ಇರುವ ಅಂತರರಾಷ್ಟ್ರೀಯ ಗುರುತಕ್ಷರ) ಸರಿಯಿದೆಯೇ ನೋಡಿ; ಸೋಲಿಗರ ನುಡಿಗೆ ಪ್ರತ್ಯೇಕ ಸಂಕೇತವಿದ್ದರೂ ಅದನ್ನು ‘ಕನ್ನಡದ ಉಪಭಾಷೆ’ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಒಂದು ಸಂಜೆಗೆ ಇಷ್ಟು ಸಾಕು.

### ಬರವಣಿಗೆ

‘ವಾಸಿಸುತ್ತಿದ್ದರು’, ‘ಧರಿಸುತ್ತಿದ್ದರು’ ಅಂತ ಬರೆದರೆ ತಪ್ಪೇನು?

ಓದುವವರಿಗೆ ಅವರು ಈಗ ಇಲ್ಲವೇನೋ ಎನ್ನಿಸುತ್ತದೆ. ಇದರ ತದ್ವಿರುದ್ಧ ತಪ್ಪೂ ಉಂಟು: ನೂರು ವರ್ಷದ ಹಿಂದಿನ ವರದಿ ನೋಡಿ ‘ಇವರು ತೊಗಟೆಯ ಬಟ್ಟೆ ಧರಿಸುತ್ತಾರೆ’ ಎಂದು ವರ್ತಮಾನದಲ್ಲಿ ಬರೆಯುವುದು. ಎರಡಕ್ಕೂ ಮದ್ದು ಒಂದೇ. ವರ್ಷ, ಊರು, ಯಾರು ನೋಡಿದ್ದು ಎಂಬುದನ್ನು ವಾಕ್ಯದೊಳಗೇ ಇಡಿ.

1910ರ ಒಂದು ಫೋಟೊ ಇದಕ್ಕೆ ಕನ್ನಡಿ. ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ಕರ್ಟಿಸ್ ಅಲ್ಲಿನ ಪೀಗನ್ ಎಂಬ ಮೂಲನಿವಾಸಿ ಜನರ ಗುಡಾರದೊಳಗೆ ಕುಳಿತ ಇಬ್ಬರು ಗಂಡಸರನ್ನು ತೆಗೆದರು. ಮೂಲ ಗಾಜಿನ ನೆಗೆಟಿವ್‌ನಲ್ಲಿ ಅವರಿಬ್ಬರ ನಡುವೆ ಒಂದು ಗಡಿಯಾರವಿದೆ. ಅಚ್ಚಿಗೆ ಹೋದ ಚಿತ್ರದಲ್ಲಿ ಅದಿಲ್ಲ. ಕೈಯಿಂದ ತಿದ್ದಿ ಅಳಿಸಿದರು, ‘ಹಳೆಯ ಕಾಲದ ಜನ’ ಎಂಬ ಚಿತ್ರ ಕೆಡಬಾರದು ಎಂದು. ಮೊಬೈಲು, ಮೋಟಾರು ಬೈಕು, ಶಾಲೆಯ ಸಮವಸ್ತ್ರ ಇರುವ ಫೋಟೊ ಪಕ್ಕಕ್ಕಿಟ್ಟು ಗರಿ ತೊಟ್ಟವರದನ್ನೇ ಆರಿಸುವಾಗ ನಾವೂ ಆ ಗಡಿಯಾರವನ್ನೇ ಅಳಿಸುತ್ತಿರುತ್ತೇವೆ.

ಕನ್ನಡದಲ್ಲಿ ಇನ್ನೆರಡು ಚಾಳಿ ನುಸುಳುತ್ತವೆ. ‘ಸೋಲಿಗನು ಜೇನು ಕೀಳುವುದರಲ್ಲಿ ನಿಪುಣ’ ಎಂಬ ಏಕವಚನ ಪ್ರಾಣಿಪರಿಚಯದ ಧಾಟಿ, ‘ಹುಲಿಯು ಮಾಂಸಾಹಾರಿ’ ಎಂದ ಹಾಗೆ. ‘ಸೋಲಿಗರು’, ‘ಅವರು’ ಎಂದೇ ಬರೆಯಿರಿ. ಇನ್ನೊಂದು ಕರುಣೆಯ ಧಾಟಿ: ‘ಮುಗ್ಧರು’, ‘ಮುಖ್ಯವಾಹಿನಿಯಿಂದ ದೂರ’, ‘ವಿಚಿತ್ರ ಆಚರಣೆ’. ಇವನ್ನು ಹೊಡೆದುಹಾಕಿ ನೋಡಿ, ಮಾಹಿತಿ ಒಂದಿನಿತೂ ಕಡಿಮೆಯಾಗುವುದಿಲ್ಲ.

ಬ್ರಿಟಿಷರ ಕಾಲದ ಪುಸ್ತಕಗಳ ಹಕ್ಕುಸ್ವಾಮ್ಯ ಮುಗಿದಿದೆಯಲ್ಲ, ಹಾಗೇ ಎತ್ತಿ ಹಾಕಬಹುದಾ?

ಕಾನೂನು ತಡೆಯುವುದಿಲ್ಲ. ತಡೆಯಬೇಕಾದವರು ನೀವು. ದಕ್ಷಿಣ ಭಾರತದ ಸಮುದಾಯಗಳ ಬಗ್ಗೆ ಅತಿ ಹೆಚ್ಚು ನಕಲಾಗುವುದು 1909ರಲ್ಲಿ ಏಳು ಸಂಪುಟಗಳಲ್ಲಿ ಬಂದ ಕೃತಿ. ಅದನ್ನು ಸಿದ್ಧಪಡಿಸಿದವರು ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯದ ಮೇಲ್ವಿಚಾರಕರು. ಜನರ ಮೂಗು, ತಲೆಗಳ ಅಳತೆ ತೆಗೆದು ಜನಾಂಗ ವಿಂಗಡಿಸುವುದು ಅವರ ನೆಚ್ಚಿನ ಕೆಲಸವಾಗಿತ್ತು. ಆ ಅಳತೆಗಳನ್ನು ಇವತ್ತಿನ ಲೇಖನದಲ್ಲಿ ‘ದೈಹಿಕ ಲಕ್ಷಣ’ ಎಂಬ ತಲೆಬರಹದಡಿ ಹಾಕುವವರಿದ್ದಾರೆ. ಪೂರ್ತಿ ತೆಗೆಯಿರಿ.

‘ಅಪರಾಧಿ ಬುಡಕಟ್ಟು’ ಎಂಬ ಮಾತೂ ಹಾಗೆಯೇ. ಅದು 1871ರ ಕಾನೂನು ಹಚ್ಚಿದ ಹಣೆಪಟ್ಟಿ; ಆ ಕಾನೂನು 1952ರಲ್ಲಿ ರದ್ದಾಯಿತು. ಬರೆಯಬೇಕಾದದ್ದು ‘ಇವರು ಅಪರಾಧಿ ಬುಡಕಟ್ಟು’ ಎಂದಲ್ಲ, ‘1871ರ ಕಾಯ್ದೆಯಡಿ ಬ್ರಿಟಿಷ್ ಆಡಳಿತ ಇವರನ್ನು ಹಾಗೆ ಪಟ್ಟಿಮಾಡಿತ್ತು’ ಎಂದು. ಹಳೆಯ ವರದಿಯ ಮಾತು ಬೇಕೆನಿಸಿದರೆ ಬರೆದವರ ಹುದ್ದೆ, ವರ್ಷ ಹೇಳಿ ಉದ್ಧರಣ ಚಿಹ್ನೆಯೊಳಗೆ ಇಡಿ, ಪಕ್ಕದಲ್ಲಿ ಇತ್ತೀಚಿನ ಒಂದು ಆಧಾರವಾದರೂ ಇರಲಿ.

ಇಂಗ್ಲಿಷ್ ಲೇಖನವನ್ನು ಯಂತ್ರಾನುವಾದ ಮಾಡಿ ಹಾಕಿದರೆ ಬೇಗ ಆಗುತ್ತಲ್ವಾ?

ಬೇಗ ಕೆಡುತ್ತದೆ. ಅಮೆರಿಕದ ಮೂಲನಿವಾಸಿಗಳ ‘ರಿಸರ್ವೇಶನ್’ ಕನ್ನಡಕ್ಕೆ ಬರುವಾಗ ‘ಮೀಸಲಾತಿ’ ಆಗುತ್ತದೆ. ‘ಅವರು ಮೀಸಲಾತಿಯಲ್ಲಿ ವಾಸಿಸುತ್ತಾರೆ’ ಎಂಬ ವಾಕ್ಯ ಹುಟ್ಟುವುದು ಹೀಗೆ. ಬೇಕಾದದ್ದು ‘ಮೀಸಲು ಪ್ರದೇಶ’. ಕೆನಡಾದ ಅನೇಕ ಮೂಲನಿವಾಸಿ ಸಮುದಾಯಗಳಿಗಿರುವ ‘ಫಸ್ಟ್ ನೇಶನ್ಸ್’ ಎಂಬ ಹೆಸರು ‘ಮೊದಲ ರಾಷ್ಟ್ರಗಳು’ ಆಗಿ ಯಾವ ಯುದ್ಧದ ಕಥೆಯೋ ಎನಿಸುತ್ತದೆ. ಆಸ್ಟ್ರೇಲಿಯಾದ ‘ಡ್ರೀಮಿಂಗ್’ ಎಂಬ ಸೃಷ್ಟಿ, ನೆಲ, ಕಟ್ಟಳೆಗಳ ಪರಿಕಲ್ಪನೆ ‘ಕನಸು ಕಾಣುವುದು’ ಎಂದಾಗುತ್ತದೆ. ಕುಲ, ಬಳಿ, ಗುಂಪು ಎಲ್ಲವೂ ‘ಬುಡಕಟ್ಟು’ ಒಂದರಲ್ಲೇ ಕರಗಿಹೋಗುತ್ತವೆ.

ಮೂಲನಿವಾಸಿ ಭಾಷೆಗಳಲ್ಲೇ ಇದನ್ನು ಮಾಡಿದರೆ ಹಾನಿ ಇನ್ನೂ ದೊಡ್ಡದು. ಗ್ರೀನ್‌ಲ್ಯಾಂಡಿಕ್ ಭಾಷೆಯ ವಿಕಿಪೀಡಿಯದಲ್ಲಿ ಆ ಭಾಷೆ ಬಾರದವರು ಯಂತ್ರದಿಂದ ತುಂಬಿದ ಪುಟಗಳೇ ಹೆಚ್ಚಾಗಿ, 2025ರಲ್ಲಿ ಅದನ್ನು ಮುಚ್ಚುವ ತೀರ್ಮಾನವಾಯಿತು. ಸಣ್ಣ ಭಾಷೆಗಳಿಗೆ ಅಂತರಜಾಲದಲ್ಲಿ ಬೇರೆ ಪಠ್ಯವೇ ಕಡಿಮೆ. ಕೆಟ್ಟ ಪುಟಗಳಿಂದ ಯಂತ್ರ ಕಲಿಯುತ್ತದೆ, ಕಲಿತ ಯಂತ್ರ ಇನ್ನೂ ಕೆಟ್ಟ ಪುಟ ಹುಟ್ಟಿಸುತ್ತದೆ. ಇನ್ನೊಂದು ದಾರಿಯೂ ಇದೆ: 2018ರಲ್ಲಿ ಶುರುವಾದ ಸಂತಾಲಿ ವಿಕಿಪೀಡಿಯ ಓಲ್ ಚಿಕಿ ಲಿಪಿಯಲ್ಲಿ, ಆ ಭಾಷೆಯವರ ಕೈಯಲ್ಲೇ ಬೆಳೆಯಿತು.

ಅಜ್ಜಿ ಬಾಯಲ್ಲಿ ಹೇಳಿದ್ದಕ್ಕೆ ಆಧಾರ ಅಂತ ಏನು ಕೊಡೋದು?

ವಿಕಿಪೀಡಿಯ ಕೇಳುವುದು ಪ್ರಕಟವಾದ ಆಧಾರ. ಬಾಯಿಮಾತನ್ನೇ ಆಧಾರವಾಗಿ ಬಳಸುವ ಪ್ರಯೋಗವೊಂದು 2011ರಲ್ಲಿ ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೇಡಿ ಭಾಷೆಗಳಲ್ಲಿ ನಡೆಯಿತು. ಅದು ಸಾರ್ವತ್ರಿಕ ನಿಯಮವಾಗಲಿಲ್ಲ. ಆದ್ದರಿಂದ ಲೇಖನದಲ್ಲಿ ನೇರವಾಗಿ ‘ಅಜ್ಜಿ ಹೇಳಿದರು’ ಎಂದು ಹಾಕಿದರೆ ಸಾಮಾನ್ಯವಾಗಿ ಅಳಿಸುತ್ತಾರೆ.

ಸುತ್ತುದಾರಿ ಇದೆ. ಅಜ್ಜಿಯ ಮಾತು ಮೊದಲು ಇನ್ನೆಲ್ಲಾದರೂ ನೆಲೆ ನಿಲ್ಲಲಿ: ಸಮುದಾಯದ ಸಂಘ ಹೊರತರುವ ಪುಸ್ತಿಕೆ, ಸಮುದಾಯ ಬಾನುಲಿ, ವಿಶ್ವವಿದ್ಯಾಲಯದ ಪ್ರಬಂಧ, ಸಂಗ್ರಹಾಲಯದ ದಾಖಲೆ. ಆಮೇಲೆ ಅದನ್ನು ಉಲ್ಲೇಖಿಸಿ. ಉಲ್ಲೇಖದಲ್ಲಿ ಹೇಳಿದವರ ಹೆಸರು (ಅವರು ಒಪ್ಪಿದರೆ), ಕುಲ, ಊರು, ಭಾಷೆ, ದಿನಾಂಕ, ದಾಖಲಿಸಿದವರು, ದಾಖಲೆ ಈಗ ಎಲ್ಲಿದೆ ಎಂಬ ಏಳು ಸಂಗತಿಗಳಿರಲಿ. ‘ಸ್ಥಳೀಯರೊಬ್ಬರು ತಿಳಿಸಿದಂತೆ’ ಎಂದು ಬರೆದು, ಕೇಳಿಸಿಕೊಂಡ ಸಂಶೋಧಕರಿಗೆ ಮಾತ್ರ ಹೆಸರು ಕೊಡುವುದು ಹಳೆಯ ಅನ್ಯಾಯ.

ಇಬ್ಬರು ಹಿರಿಯರು ಎರಡು ಕಥೆ ಹೇಳಿದರೆ ಒಂದನ್ನು ‘ಸರಿ’ ಮಾಡಲು ಹೋಗಬೇಡಿ. ಎರಡು ಊರು, ಎರಡು ಕುಲಗಳ ಪಾಠ ಅವು. ಯಾವುದು ಎಲ್ಲಿಯದು ಎಂದು ಹೇಳಿ ಎರಡನ್ನೂ ಇಡಿ.

ಆ ಸಮುದಾಯದವಳು ನಾನೇ. ನಮ್ಮ ಬಗ್ಗೆ ನಾನೇ ಬರೆದರೆ ಪಕ್ಷಪಾತ ಅಂತಾರಾ?

ಸಮುದಾಯಕ್ಕೆ ಸೇರಿದ್ದೇ ಹಿತಾಸಕ್ತಿ ಸಂಘರ್ಷ ಆಗುವುದಿಲ್ಲ. ಕನ್ನಡಿಗರು ಕನ್ನಡದ ಬಗ್ಗೆ ಬರೆಯುವುದನ್ನು ಯಾರೂ ಪ್ರಶ್ನಿಸುವುದಿಲ್ಲವಲ್ಲ. ನಿಮ್ಮದೇ ಸಂಸ್ಥೆ, ನಿಮ್ಮದೇ ಮನೆಯವರ ಬಗ್ಗೆ ಬರೆಯುವಾಗ ಮಾತ್ರ ಚರ್ಚಾಪುಟದಲ್ಲಿ (ಲೇಖನದ ಜೊತೆಗಿರುವ ಮಾತುಕತೆಯ ಪುಟ) ಮೊದಲೇ ತಿಳಿಸಿ. ಆಧಾರದ ನಿಯಮ ಎಲ್ಲರಿಗೂ ಇರುವಂಥದ್ದೇ. ‘ನನಗೆ ಗೊತ್ತು’ ಎಂಬುದು ನಿಮಗೂ ಸಾಲದು, ಹೊರಗಿನ ಪ್ರೊಫೆಸರರಿಗೂ ಸಾಲದು.

### ಅನುಮತಿ, ಫೋಟೊ, ಧ್ವನಿಮುದ್ರಣ

ಅನುಮತಿ ಯಾರನ್ನು ಕೇಳೋದು? ಒಬ್ಬರು ಹೂಂ ಅಂದರೆ ಸಾಕಾ?

ಅವರ ಸ್ವಂತ ಬದುಕಿನ ಮಾತಾದರೆ ಸಾಕು. ಕುಲದ ಕಥೆ, ಪೂಜೆ, ಮದ್ದು, ವಿನ್ಯಾಸಗಳು ಒಬ್ಬರ ಸ್ವತ್ತಲ್ಲ. ಅಲ್ಲಿ ಯಜಮಾನರು, ಊರಸಭೆ, ಸಂಘ ಯಾವುದು ತೀರ್ಮಾನಿಸುತ್ತದೋ ಅಲ್ಲಿಗೆ ಹೋಗಬೇಕು. ಹೆಂಗಸರ ಆಚರಣೆಯ ವಿಷಯವನ್ನು ಹೆಂಗಸರನ್ನೇ ಕೇಳಬೇಕು. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಕೇಳುವುದು ಒತ್ತಾಯವಿಲ್ಲದ, ಮುಂಚಿತವಾದ, ತಿಳಿದು ಕೊಟ್ಟ ಸಮ್ಮತಿ. ಅದರ 31ನೆಯ ವಿಧಿ ಸಂಸ್ಕೃತಿ ಮತ್ತು ಪಾರಂಪರಿಕ ಜ್ಞಾನವನ್ನು ಕಾಪಾಡಿಕೊಳ್ಳುವ, ನಿಯಂತ್ರಿಸುವ ಹಕ್ಕು ಅವರದು ಎನ್ನುತ್ತದೆ.

ಮೊದಲ ಭೇಟಿಗೆ ಕ್ಯಾಮೆರಾ ಒಯ್ಯಬೇಡಿ. ಏನು ಮಾಡಬೇಕೆಂದಿದ್ದೀರಿ ಎಂದು ಹೇಳಿ ಬನ್ನಿ. ಅವರು ತಮ್ಮೊಳಗೆ ಮಾತಾಡಿಕೊಳ್ಳಲು ಸಮಯ ಬೇಕು. ವಾರವಾಗಬಹುದು, ಸುಗ್ಗಿ ಮುಗಿಯಲಿ ಎನ್ನಬಹುದು. ‘ಮುಕ್ತ ಪರವಾನಗಿ’ ಎಂಬ ಪದದಿಂದ ಯಾರಿಗೂ ಏನೂ ಅರ್ಥವಾಗುವುದಿಲ್ಲ. ಮೊಬೈಲಿನಲ್ಲಿ ಒಂದು ಪುಟ ತೆರೆದು ತೋರಿಸಿ: ‘ಈ ಫೋಟೊ ಹೀಗೆ ಕಾಣುತ್ತೆ. ಯಾವ ದೇಶದವರಾದರೂ ಇಳಿಸಿಕೊಳ್ಳಬಹುದು, ಕ್ಯಾಲೆಂಡರಿಗೆ, ಅಂಗಿಗೆ ಅಚ್ಚುಹಾಕಿ ಮಾರಬಹುದು. ಆಮೇಲೆ ನಾನು ಬೇಡ ಅಂದರೂ ನಿಲ್ಲಲ್ಲ.’ ಇಷ್ಟು ಕೇಳಿದ ಮೇಲೂ ಹೂಂ ಎಂದರೆ ಅದು ಸಮ್ಮತಿ.

ಅವರ ಭಾಷೆಯಲ್ಲಿ ಒಂದು ಪುಟ ಬರೆದುಕೊಳ್ಳಿ: ಏನನ್ನು ದಾಖಲಿಸಬಹುದು, ಯಾವುದು ಬೇಡ, ಹೆಸರು ಹಾಕಬೇಕೇ, ಮನಸ್ಸು ಬದಲಾದರೆ ಯಾರನ್ನು ಸಂಪರ್ಕಿಸುವುದು. ಒಂದು ಪ್ರತಿ ಅವರ ಹತ್ತಿರ ಇರಲಿ. ಓದು ಬಾರದವರಿದ್ದರೆ ಇದೇ ಮಾತನ್ನು ದನಿಯಲ್ಲಿ ದಾಖಲಿಸಿ.

ಸಮ್ಮತಿ ಕೊಟ್ಟದ್ದು ಯಾವುದಕ್ಕೋ ಅದಕ್ಕೆ ಮಾತ್ರ ಎಂಬುದನ್ನು ಮರೆತರೆ ಏನಾಗುತ್ತದೆ? ಅಮೆರಿಕದ ಹವಸುಪೈ ಜನ 1990ರಿಂದ ರಕ್ತದ ಮಾದರಿ ಕೊಟ್ಟದ್ದು ಮಧುಮೇಹದ ಅಧ್ಯಯನಕ್ಕೆಂದು. ಅದೇ ರಕ್ತವನ್ನು ಸ್ಕಿಜೋಫ್ರೇನಿಯ ಎಂಬ ಮನೋರೋಗ, ಒಳಸಂತಾನ (ಹತ್ತಿರದ ಬಂಧುಗಳ ನಡುವಿನ ಸಂತಾನ), ವಲಸೆಯ ಮೂಲದ ಸಂಶೋಧನೆಗೂ ಬಳಸಿದರು. ಮೊಕದ್ದಮೆ 2010ರಲ್ಲಿ 7 ಲಕ್ಷ ಡಾಲರ್ ಪರಿಹಾರದೊಂದಿಗೆ ಮುಗಿಯಿತು, ರಕ್ತವನ್ನು ಸಮುದಾಯಕ್ಕೆ ಹಿಂದಿರುಗಿಸಿದರು. ನಿಘಂಟಿಗೆಂದು ಕೇಳಿ ತಂದ ಹಾಡನ್ನು ಬೇರೆಡೆ ಹಾಕುವುದೂ ಇದೇ ಜಾತಿಯ ತಪ್ಪು.

ಹಬ್ಬ ಎಲ್ಲರ ಮುಂದೆ ನಡೀತು. ಫೋಟೊ ಹಾಕೋಕೆ ಮತ್ತೆ ಯಾಕೆ ಕೇಳಬೇಕು?

ಎದುರಿಗೆ ಬಂದವರು ನೋಡುವುದು ಬೇರೆ, ಎಂದೆಂದಿಗೂ ಎಲ್ಲರೂ ಮಾರುಬಳಕೆ ಮಾಡುವುದು ಬೇರೆ. ಅಮೆರಿಕದ ಹೋಪಿ ಜನರ ಹಳ್ಳಿಗಳಲ್ಲಿ ಅತಿಥಿಗಳು ಕೆಲವು ಕುಣಿತಗಳನ್ನು ನೋಡಬಹುದು. ಫೋಟೊ, ರೇಖಾಚಿತ್ರ, ಧ್ವನಿಮುದ್ರಣ ಯಾವುದೂ ಕೂಡದು. ಆಸ್ಟ್ರೇಲಿಯಾದ ಉಲೂರು ಬಂಡೆಯ ಕೆಲವು ಭಾಗಗಳನ್ನು ಚಿತ್ರಿಸಬಾರದು ಎಂದು ಅನಂಗು ಜನ ಕೇಳಿಕೊಂಡಿದ್ದಾರೆ, ಅಲ್ಲಿ ಫಲಕಗಳಿವೆ. ಅಂಡಮಾನಿನ ಜಾರವಾ ಜನರ ಫೋಟೊ ತೆಗೆಯುವುದಂತೂ ಶಿಕ್ಷಾರ್ಹ ಅಪರಾಧ. 1956ರ ಸಂರಕ್ಷಣಾ ನಿಯಮಾವಳಿಯನ್ನು 2012ರಲ್ಲಿ ಇನ್ನಷ್ಟು ಬಿಗಿ ಮಾಡಿದರು. ಅಂಥ ಚಿತ್ರ ಎಲ್ಲಿ ಸಿಕ್ಕರೂ ಮುಟ್ಟಬೇಡಿ.

ಉಳಿದೆಡೆ ಗುಂಪಿನ ದೂರದ ನೋಟ ಒಂದು, ವಾದ್ಯ ಅಥವಾ ಬಟ್ಟೆಯ ಹತ್ತಿರದ ಚಿತ್ರ ಒಂದು, ಕೇಳಿ ತೆಗೆದ ಮುಖಚಿತ್ರ ಒಂದಿದ್ದರೆ ಲೇಖನಕ್ಕೆ ಧಾರಾಳ. ಮೈದುಂಬಿ ನಿಂತವರು, ಅಳುತ್ತಿರುವವರು, ಮಕ್ಕಳ ಮುಖ ಬೇಡ. ಅಡಿಬರಹದಲ್ಲಿ ‘ಆದಿವಾಸಿ ಮಹಿಳೆ’ ಎಂದು ಬಿಡಬೇಡಿ. ಏನು ನಡೆಯುತ್ತಿದೆ, ಎಲ್ಲಿ, ಯಾವ ವರ್ಷ ಎಂದು ಬರೆಯಿರಿ.

ತೀರಿಕೊಂಡವರ ಫೋಟೊ, ಹೆಸರು ಹಾಕಬಾರದು ಅಂತಾರೆ. ನಿಜವಾ?

ಎಲ್ಲ ಕಡೆ ಹಾಗಿಲ್ಲ. ಆಸ್ಟ್ರೇಲಿಯಾದ ಅನೇಕ ಮೂಲನಿವಾಸಿ ಸಮುದಾಯಗಳಲ್ಲಿ ಸತ್ತವರ ಹೆಸರನ್ನು ಕೆಲಕಾಲ ಹೇಳುವುದಿಲ್ಲ. ಮಧ್ಯ ಆಸ್ಟ್ರೇಲಿಯಾದಲ್ಲಿ ಅದೇ ಹೆಸರಿನ ಬದುಕಿರುವವರನ್ನೂ ‘ಕುಮಂಜಯಿ’ಯಂಥ ಬದಲಿ ಹೆಸರಿನಿಂದ ಕರೆಯುತ್ತಾರೆ. ಆ ಅವಧಿ ಎಷ್ಟು ಎಂಬುದು ಮನೆಯವರಿಗೆ ಬಿಟ್ಟದ್ದು. ಅಲ್ಲಿನ ಟಿವಿ, ಗ್ರಂಥಾಲಯಗಳು ಮೊದಲೇ ಎಚ್ಚರಿಕೆಯ ಸಾಲು ಹಾಕುತ್ತವೆ. ವಿಕಿಪೀಡಿಯ ಅಂಥ ಎಚ್ಚರಿಕೆ ಹಾಕುವುದಿಲ್ಲ. ನೀವು ಮಾಡಬಹುದಾದದ್ದು, ಹೊಸದಾಗಿ ತೀರಿಕೊಂಡವರ ಚಿತ್ರವನ್ನು ಅವಸರದಲ್ಲಿ ಸೇರಿಸದೆ ಮನೆಯವರ ಮಾತಿಗೆ ಕಾಯುವುದು.

ಹಾಡು, ಕಥೆ ರೆಕಾರ್ಡ್ ಮಾಡುವಾಗ ಏನೇನು ನೋಡ್ಕೋಬೇಕು?

ಮೊಬೈಲೇ ಆದರೂ ಪರವಾಗಿಲ್ಲ, ವೇವ್ ಕಡತವಾಗಿ ಉಳಿಸುವ ಆ್ಯಪ್ ಬಳಸಿ: 48 ಕಿಲೋಹರ್ಟ್ಸ್, ಸಾಧ್ಯವಿದ್ದರೆ 24 ಬಿಟ್. ಎಂಪಿ3ಯಲ್ಲಿ ಉಳಿಸಿದರೆ ಸೂಕ್ಷ್ಮ ದನಿಗಳು ಕತ್ತರಿಸಿಹೋಗುತ್ತವೆ, ಮುಂದೆ ಉಚ್ಚಾರಣೆಯ ಅಧ್ಯಯನ ಮಾಡುವವರಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಮೈಕು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕಿರಲಿ; ನೇರ ಎದುರಿಗಿಟ್ಟರೆ ‘ಪ’, ‘ಬ’ ಬಂದಾಗಲೆಲ್ಲ ಉಸಿರು ಬಡಿಯುತ್ತದೆ. ತಗಡಿನ ಸೂರಿನ ಕೆಳಗೆ ಕೂರಬೇಡಿ. ಶುರುವಿನಲ್ಲಿ ದಿನಾಂಕ, ಊರು, ಯಾರು, ಯಾವ ಭಾಷೆ, ಯಾವುದಕ್ಕೆ ಒಪ್ಪಿದ್ದಾರೆ ಎಂದು ದನಿಯಲ್ಲೇ ಹೇಳಿಸಿ. ಕಡತದ ಹೆಸರು ಬದಲಾದರೂ ಈ ಮಾಹಿತಿ ಜೊತೆಗೇ ಇರುತ್ತದೆ.

ಕೆಲವು ಹಾಡನ್ನು ಹೊತ್ತಲ್ಲದ ಹೊತ್ತಿನಲ್ಲಿ, ಕಾಲವಲ್ಲದ ಕಾಲದಲ್ಲಿ ಹಾಡುವಂತಿಲ್ಲ. ಸಾವಿನ ಹಾಡನ್ನು ‘ಮಾದರಿಗೆ ಒಂದು ಸಾಲು’ ಎಂದು ಕೇಳಬೇಡಿ.

ಕಾನೂನು: ಹಳೆಯ ಜನಪದ ಹಾಡಿನ ಸಾಹಿತ್ಯಕ್ಕೆ ಹಕ್ಕುಸ್ವಾಮ್ಯ ಇಲ್ಲದಿರಬಹುದು. ಆದರೆ ಹಾಡಿದವರಿಗೆ ಭಾರತದ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕಿದೆ, ಅದರ ಅವಧಿ 50 ವರ್ಷ. ‘ಜನಪದ ತಾನೇ, ಯಾರದೂ ಅಲ್ಲ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ದುಡ್ಡು ಕೊಡಬೇಕಾ?

ಅವರ ಸಮಯಕ್ಕೆ, ಓಡಾಟಕ್ಕೆ, ಅನುವಾದದ ಕೆಲಸಕ್ಕೆ ಕೊಡಿ, ಎಷ್ಟೆಂದು ಮೊದಲೇ ಹೇಳಿ. ಒಂದು ಗುಟ್ಟಿಗೆ ಇಷ್ಟು ಎಂಬ ಲೆಕ್ಕ ಬೇಡ. ಬೇಡದ್ದನ್ನೂ ಹೇಳುವ ಒತ್ತಡ ಬೀಳುತ್ತದೆ. ಧ್ವನಿಮುದ್ರಣದ, ಫೋಟೊಗಳ ಪ್ರತಿ ತಪ್ಪದೆ ತಲುಪಬೇಕು. ಕೊಂಡಿ ಕಳಿಸಿದರೆ ಸಾಲದು, ಮೆಮೊರಿ ಕಾರ್ಡಿನಲ್ಲಿ ಹಾಕಿ ಕೈಗೆ ಕೊಡಿ.

### ತೊಡಕಿನ ವಿಷಯಗಳು

ಮದ್ದಿನ ಗಿಡಗಳ ಬಗ್ಗೆ ಬರೆದರೆ ಒಳ್ಳೆಯದೇ ಅಲ್ವಾ? ಜ್ಞಾನ ಉಳಿಯುತ್ತೆ.

ಉಳಿಯಬಹುದು, ಗಿಡ ಉಳಿಯದೇ ಹೋಗಬಹುದು. ಕೇರಳದ ಅಗಸ್ತ್ಯಮಲೆಯ ಕಾಣಿ ಜನ 1987ರಲ್ಲಿ ಜೊತೆಗಿದ್ದ ವಿಜ್ಞಾನಿಗಳಿಗೆ ‘ಆರೋಗ್ಯಪಚ್ಚ’ ಎಂಬ ಗಿಡ ತೋರಿಸಿದರು; ಅದರ ಕಾಯಿ ತಿಂದರೆ ನಡೆದ ದಣಿವು ಆರುತ್ತಿತ್ತು. ಅದರಿಂದ ‘ಜೀವನಿ’ ಎಂಬ ಔಷಧಿ ಬಂತು. ಪರವಾನಗಿ ಶುಲ್ಕ ಮತ್ತು ರಾಯಧನದ ಅರ್ಧ ಕಾಣಿ ಜನರಿಗೆ ಎಂದಾಗಿ, 1997ರಲ್ಲಿ ಅವರ ಟ್ರಸ್ಟ್ ನೋಂದಣಿಯಾಯಿತು. ಜಗತ್ತಿನಲ್ಲೇ ಮೊದಮೊದಲ ಲಾಭಹಂಚಿಕೆ ಎಂದು ಇದನ್ನು ಹೊಗಳುತ್ತಾರೆ. ಅದರ ಜೊತೆಗೇ ಕಾಡಿನಿಂದ ಗಿಡ ಕಿತ್ತು ಮಾರುವ ಚಿಂತೆ, ಸಮುದಾಯದೊಳಗೇ ‘ಹೇಳಿದ್ದು ಯಾರನ್ನು ಕೇಳಿ’ ಎಂಬ ಜಗಳ ಎರಡೂ ಬಂದವು.

ಪ್ರಕಟಿಸಿದರೆ ಪೇಟೆಂಟು ತಡೆಯಬಹುದು ಎಂಬ ವಾದದಲ್ಲಿ ಹುರುಳಿದೆ. ಅಮೆರಿಕದಲ್ಲಿ 1995ರಲ್ಲಿ ಅರಿಸಿನಕ್ಕೆ ಕೊಟ್ಟ ಪೇಟೆಂಟು 1997ರಲ್ಲಿ ಬಿದ್ದುಹೋದದ್ದು ಹಳೆಯ ದಾಖಲೆಗಳಿಂದ. ಆದರೆ ಅರಿಸಿನದ ಗುಣ ಮನೆಮನೆಗೂ ಗೊತ್ತಿದ್ದದ್ದು. ಒಂದು ಕುಲಕ್ಕೆ ಮಾತ್ರ ಗೊತ್ತಿದ್ದದ್ದನ್ನು ಮುಕ್ತ ಭಂಡಾರಕ್ಕೆ ಹಾಕಿದರೆ ಕಂಪನಿಗೆ ಹುಡುಕುವ ಖರ್ಚು ಉಳಿಸಿಕೊಟ್ಟಂತೆ. ಭಾರತ 2001ರಲ್ಲಿ ಶುರುಮಾಡಿದ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯವನ್ನೂ ಎಷ್ಟೋ ವರ್ಷ ಪೇಟೆಂಟು ಕಚೇರಿಗಳಿಗೆ ಬಿಟ್ಟು ಬೇರೆಯವರಿಗೆ ತೆರೆಯಲಿಲ್ಲ.

ಹಾಗಾಗಿ ಗಿಡದ ಹೆಸರು, ಸಸ್ಯಶಾಸ್ತ್ರೀಯ ಹೆಸರು, ಈಗಾಗಲೇ ಪ್ರಕಟವಾದ ಬಳಕೆ ಹಾಕಿ. ಯಾವ ಭಾಗ, ಎಷ್ಟು, ಹೇಗೆ ಅರೆಯುವುದು, ಎಲ್ಲಿ ಸಿಗುತ್ತದೆ ಎಂಬುದು ಮೊದಲ ಸಲ ನಿಮ್ಮಿಂದ ಹೊರಬೀಳುವುದಾದರೆ ಬಿಡಿ. ಪ್ರಮಾಣ ತಪ್ಪಿದರೆ ಓದಿದವರ ಜೀವಕ್ಕೂ ಕುತ್ತು.

ದೇವರ ಕಾಡು, ಸಮಾಧಿಗಳ ಜಾಗವನ್ನು ನಕ್ಷೆಯಲ್ಲಿ ಗುರುತಿಸಲಾ?

ನೀವಾಗಿ ಗುರುತಿಸಬೇಡಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಸಂಶೋಧಕರ ಜೊತೆ ಕೂತು ತಮ್ಮ ಪವಿತ್ರ ತಾಣಗಳ ನಕ್ಷೆ ಮಾಡಿದರು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ 2011ರಲ್ಲಿ ಅವರಿಗೆ ಅರಣ್ಯ ಹಕ್ಕು ಸಿಕ್ಕಿತು. ಅಲ್ಲಿ ನಕ್ಷೆ ಮಾಡುವುದು, ಯಾರಿಗೆ ತೋರಿಸುವುದು ಎಂಬ ತೀರ್ಮಾನದಲ್ಲಿ ಅವರೇ ಇದ್ದರು. ಹೇಳದೆ ಕೇಳದೆ ಹಾಕಿದ ಗುರುತು ನಿಧಿ ಅಗೆಯುವವರಿಗೆ, ಪ್ರವಾಸಿಗಳಿಗೆ ದಾರಿ ತೋರಿಸುತ್ತದೆ.

ಗೊತ್ತಾಗದೆ ಸೋರುವುದೂ ಉಂಟು. ಮೊಬೈಲಿನ ಫೋಟೊದೊಳಗೆ ಅಕ್ಷಾಂಶ, ರೇಖಾಂಶ ಅಡಗಿರುತ್ತವೆ, ಕಾಮನ್ಸ್ ಅದನ್ನು ಓದಿ ತೋರಿಸಿಬಿಡುತ್ತದೆ. ಹಾಕುವ ಮುಂಚೆ ಹೀಗೆ ಅಡಗಿರುವ ಮಾಹಿತಿ (ಅದಕ್ಕೆ ಎಕ್ಸಿಫ್ ಎನ್ನುತ್ತಾರೆ) ಅಳಿಸಿ. ಸ್ಥಳ ಹೇಳಲೇಬೇಕಾದರೆ ದಶಮಾಂಶ ಚುಕ್ಕೆಯ ನಂತರ ಒಂದೇ ಅಂಕೆ ಸಾಕು, ಅದು ಸುಮಾರು 11 ಕಿಲೋಮೀಟರ್ ಅಂದಾಜು. ನಾಲ್ಕು ಅಂಕೆ ಕೊಟ್ಟರೆ 11 ಮೀಟರ್, ಅಂದರೆ ಮರದ ಬುಡಕ್ಕೇ ಕರೆದೊಯ್ದಂತೆ.

ವಾಣಿಜ್ಯ ಬಳಕೆ ಬೇಡ ಅಂತ ಷರತ್ತು ಹಾಕಬಹುದಾ?

ಕಾಮನ್ಸ್‌ನಲ್ಲಿ ಆಗುವುದಿಲ್ಲ. ವಾಣಿಜ್ಯ ಬಳಕೆ ಅಥವಾ ಮಾರ್ಪಾಡು ತಡೆಯುವ ಪರವಾನಗಿಯ ಕಡತಗಳನ್ನು ಅದು ಸ್ವೀಕರಿಸುವುದಿಲ್ಲ. ಅಲ್ಲಿ ಬಳಸುವ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿ ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯಲೂ ಬರುವುದಿಲ್ಲ. ಇಷ್ಟು ಮುಕ್ತವಾಗಿ ಬಿಡುವುದು ಸಮುದಾಯಕ್ಕೆ ಒಪ್ಪಿಗೆಯಿಲ್ಲ ಎಂದಾದರೆ ಕಾಮನ್ಸ್ ತಕ್ಕ ಜಾಗವಲ್ಲ, ಅಷ್ಟೇ. 1994ರಲ್ಲಿ ಆಸ್ಟ್ರೇಲಿಯಾದ ನ್ಯಾಯಾಲಯಕ್ಕೆ ಬಂದ ಪ್ರಕರಣವೊಂದರಲ್ಲಿ ಮೂಲನಿವಾಸಿ ಕಲಾವಿದರು ಬರೆದ ಪವಿತ್ರ ಕಥೆಗಳ ಚಿತ್ರಗಳನ್ನು ವಿಯೆಟ್ನಾಮಿನಲ್ಲಿ ಜಮಖಾನೆಗಳಾಗಿ ನೇಯಿಸಿ ತಂದು ಮಾರಿದ್ದರು. ದೈವದ ಮೇಲೆ ಕಾಲಿಟ್ಟು ನಡೆಯುವಂತಾಗಿತ್ತು. ಕಲಾವಿದರು ಗೆದ್ದರು, ಏಕೆಂದರೆ ಹಕ್ಕುಸ್ವಾಮ್ಯ ಅವರ ಕೈಯಲ್ಲಿತ್ತು. ಮುಕ್ತ ಪರವಾನಗಿ ಕೊಟ್ಟಿದ್ದರೆ ಆ ಆಯುಧವೇ ಇರುತ್ತಿರಲಿಲ್ಲ.

ಬೇರೆ ವ್ಯವಸ್ಥೆಗಳಿವೆ. ‘ಮುಕುರ್ತು’ ಎಂಬ ಉಚಿತ ತಂತ್ರಾಂಶ ಆಸ್ಟ್ರೇಲಿಯಾದ ವರುಮುಂಗು ಜನರ ಜೊತೆ ಹುಟ್ಟಿದ್ದು. ಯಾವ ಚಿತ್ರವನ್ನು ಹೆಂಗಸರು ಮಾತ್ರ, ಯಾವುದನ್ನು ಇಂಥ ಕುಲದವರು ಮಾತ್ರ ನೋಡಬಹುದು ಎಂದು ಅದರಲ್ಲಿ ನಿಗದಿ ಮಾಡಬಹುದು. ಲೋಕಲ್ ಕಾಂಟೆಕ್ಸ್ಟ್ಸ್ ಎಂಬ ಸಂಸ್ಥೆಯ ಪಾರಂಪರಿಕ ಜ್ಞಾನದ ಲೇಬಲ್‌ಗಳು ‘ಈ ಋತುವಿನಲ್ಲಿ ಮಾತ್ರ’, ‘ವಾಣಿಜ್ಯಕ್ಕಲ್ಲ’ ಎಂಬಂಥ ಸೂಚನೆ ಕೊಡುತ್ತವೆ. ಆ ಲೇಬಲ್ ಹಚ್ಚುವ ಅಧಿಕಾರ ಸಮುದಾಯದ್ದು. ಹೊರಗಿನವರು ‘ಅಂದಕ್ಕೆ’ ಹಚ್ಚುವಂತಿಲ್ಲ. ನ್ಯೂಜಿಲೆಂಡಿನ ತೆ ಹಿಕು ಮೀಡಿಯ ಹತ್ತೇ ದಿನಗಳಲ್ಲಿ 300 ಗಂಟೆಗೂ ಹೆಚ್ಚು ಮಾವೋರಿ ಮಾತು ಸಂಗ್ರಹಿಸಿತು. ಅದನ್ನು ಮುಕ್ತವಾಗಿ ಬಿಡದೆ ‘ಕೈತಿಯಾಕಿತಂಗ’, ಅಂದರೆ ಕಾವಲುಗಾರಿಕೆ, ಎಂಬ ಪರವಾನಗಿಯಡಿ ಇಟ್ಟುಕೊಂಡಿದೆ.

ಇದೆಲ್ಲಾ ಅತಿಯಾಯ್ತು. ಜ್ಞಾನ ಎಲ್ಲರದ್ದು ಅಲ್ವಾ? ಹೇಗೂ ಬೇರೆ ಕಡೆ ಸಿಗುತ್ತೆ.

ಯಾವ ಜ್ಞಾನವೂ ಎಲ್ಲರದಾಗಿ ಹುಟ್ಟುವುದಿಲ್ಲ. ಕಂಪನಿಯ ಸೂತ್ರ ಗುಟ್ಟಾಗಿರಬಹುದು, ರೋಗಿಯ ಕಡತ ಗುಟ್ಟಾಗಿರಬಹುದು, ಅದನ್ನು ಯಾರೂ ಅತಿ ಎನ್ನುವುದಿಲ್ಲ. ಕುಲದ ಮಂತ್ರಕ್ಕೆ ಬಂದಾಗ ಮಾತ್ರ ‘ಎಲ್ಲರದ್ದು’ ನೆನಪಾಗುತ್ತದೆ.

‘ಬೇರೆ ಕಡೆ ಇದೆ’ ಎಂಬುದನ್ನು ಸ್ವಲ್ಪ ಅಗೆದು ನೋಡಿ. ಎಲ್ಲೋ ಒಂದು ಗ್ರಂಥಾಲಯದ ಕಪಾಟಿನಲ್ಲಿ 1920ರ ಪ್ರಬಂಧದಲ್ಲಿರುವುದು ಬೇರೆ, ಹುಡುಕಿದ ಕೂಡಲೇ ಮೊದಲ ಸಾಲಿನಲ್ಲಿ ಬರುವುದು ಬೇರೆ. ಆ ಪ್ರಬಂಧ ಬರೆದವರು ಹೇಗೆ ಪಡೆದರು ಎಂದೂ ಕೇಳಿಕೊಳ್ಳಿ. ಸಮುದಾಯದವರೇ ಪ್ರಕಟಿಸಿದ್ದರೆ ನಿಶ್ಚಿಂತೆಯಿಂದ ಬಳಸಿ. ಅವರು ಆಕ್ಷೇಪಿಸಿದ ದಾಖಲೆಯಾದರೆ, ‘ಇಂಥ ಆಚರಣೆ ಇದೆ, ವಿವರ ಸಮುದಾಯದ ಒಳಗಿನದು’ ಎಂಬ ಒಂದೇ ವಾಕ್ಯ ಲೇಖನದಲ್ಲಿ ಸಾಕು. ಅದೂ ಮಾಹಿತಿಯೇ.

ಸಮುದಾಯದವರು ಬಂದು ‘ತೆಗೆಯಿರಿ’ ಅಂದರೆ?

ವಾದಕ್ಕೆ ನಿಲ್ಲಬೇಡಿ, ಸಮಯ ನಿಮ್ಮ ಕಡೆಗಿಲ್ಲ. ನೀವೇ ಕಾಮನ್ಸ್‌ಗೆ ಹಾಕಿದ ಚಿತ್ರ ಏಳು ದಿನದೊಳಗಿನದು, ಎಲ್ಲೂ ಬಳಕೆಯಾಗಿಲ್ಲ ಎಂದರೆ ಹಾಕಿದವರ ಕೋರಿಕೆಯ ಮೇಲೆ ಸುಲಭವಾಗಿ ಅಳಿಸುತ್ತಾರೆ. ಆಮೇಲೆ ಚರ್ಚೆ ನಡೆಯಬೇಕು, ಸಾಂಸ್ಕೃತಿಕ ಆಕ್ಷೇಪವೊಂದನ್ನೇ ಅಲ್ಲಿ ಸಾಮಾನ್ಯವಾಗಿ ಸಾಕಷ್ಟು ಕಾರಣ ಎಂದು ಒಪ್ಪುವುದಿಲ್ಲ. ಸಮ್ಮತಿಯ ಕಾಗದ, ಮೊದಲೇ ಹೇಳಿದ ಮಿತಿ ಕೈಯಲ್ಲಿದ್ದರೆ ಮಾತಿಗೆ ಬಲ ಬರುತ್ತದೆ. ಈ ಮಧ್ಯೆ ಲೇಖನಗಳಿಂದ ಚಿತ್ರವನ್ನು ಹೊರತೆಗೆದು, ಕಾರಣವನ್ನು ಚರ್ಚಾಪುಟದಲ್ಲಿ ಬರೆಯಿರಿ.

ಬರಹದ ವಿಷಯವಾದರೆ ತಪ್ಪು ಮಾಹಿತಿಯೋ, ಗುಟ್ಟಿನ ಮಾಹಿತಿಯೋ, ಅವಮಾನದ ಪದವೋ ಎಂದು ಕೇಳಿ ತಿಳಿಯಿರಿ. ತಪ್ಪಿಗೆ ಹೊಸ ಆಧಾರ ಬೇಕು. ಪದ ಬದಲಾಯಿಸಲು ಐದು ನಿಮಿಷ ಸಾಕು. ಅಳಿಸಿದ್ದು ಪುಟದ ಇತಿಹಾಸದಲ್ಲಿ ಉಳಿದಿರುತ್ತದೆ ಎಂಬುದನ್ನು ಮುಚ್ಚಿಡಬೇಡಿ. ವ್ಯಕ್ತಿಯ ಫೋನು, ವಿಳಾಸದಂಥ ಖಾಸಗಿ ವಿವರವಾದರೆ ಇತಿಹಾಸದಿಂದಲೂ ಮರೆಮಾಡುವಂತೆ ನಿರ್ವಾಹಕರನ್ನು ಕೋರಬಹುದು. ಅಷ್ಟರಲ್ಲಿ ಬೇರೆ ಜಾಲತಾಣಗಳು ನಕಲು ಮಾಡಿಕೊಂಡಿದ್ದರೆ ಅವುಗಳ ಪಟ್ಟಿ ಮಾಡಿ ಕೋರಿಕೆ ತಂದವರಿಗೇ ಕೊಡಿ, ಒಂದೊಂದಕ್ಕೂ ಬರೆಯಲು ಜೊತೆಗೆ ಕೂತುಕೊಳ್ಳಿ.